ಎರಡು ನಕಲು

ವಕೀಲ ಬೊಮ್ಮರಸಯ್ಯನವರ ಬಾಯಿ ಊರಿಗೆಲ್ಲ ಗೊತ್ತು.
ಕೈ ನನ್ನದು.
ಹಾಸನದ ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ
ಅವರು ಆಡಿದ್ದನ್ನೆಲ್ಲ ಬರೆದವನು
ಗುಮಾಸ್ತೆ ಸಂಪಂಗಯ್ಯ;
ಅರ್ಧ ಸಂಬಳ ದುಡ್ಡಿನಲ್ಲಿ,
ಅರ್ಧ, ಕಕ್ಷಿಗಾರರು ತಂದ ಹುರುಳಿಯಲ್ಲಿ.

ಜೈನರು. ಹೊತ್ತು ಮುಳುಗುವ ಮೊದಲೇ ಊಟ.
ದೊಡ್ಡ ಮೊಕದ್ದಮೆಯ ಹಿಂದಿನ ರಾತ್ರಿಗಳಲ್ಲಿ
ದೀಪದ ಮುಂದೆ ಹಸಿವಾಗುತ್ತಿದ್ದದ್ದು ನನಗೊಬ್ಬನಿಗೆ.
ಬೆಳಿಗ್ಗೆ, ಇರುವೆ ತುಳಿಯದ ಹಾಗೆ ನಡೆದು ಬಂದು
ಎದುರು ಸಾಕ್ಷಿಯನ್ನು ಹೊಸಕಿ ಹಾಕುವರು.

ಮೇಲೆ ಬಿದಿರಗೂಡು, ಕೆಳಗೆ ಸೀಗೆಕೊಪ್ಪಲು,
ನಡುವೆ ಒಂದು ಕೆರೆ,
ತೂಬಿನ ಬಾಯಿಗೆ ಮರದ ಬಿರಡೆ.
ಎತ್ತುವ ಹಕ್ಕು ಯಾರದು?
ಸೀಗೆಕೊಪ್ಪಲಿನವರು ಮುದುಕರನ್ನು ಕರೆತಂದರು,
ಒಬ್ಬನಿಗೆ ಕಣ್ಣಿಲ್ಲ, ಒಬ್ಬನಿಗೆ ಕಿವಿ.
ಬಿದಿರಗೂಡಿನ ಪರವಾಗಿ ನಮ್ಮವರು ಬಿಚ್ಚಿದ್ದು ಕಡತ,
ಇಲಿ ತಿಂದು ಬಿಟ್ಟ ಹನ್ನೊಂದು ಸಾಲು.
"ನೆನಪು ರುಜು ಹಾಕುವುದಿಲ್ಲ, ಖಾವಂದರೆ."
ನ್ಯಾಯಾಧೀಶರು ನಕ್ಕರು. ಅಲ್ಲಿಗೆ ತೀರಿತು.
ಫೀಜು ನಲವತ್ತು ರೂಪಾಯಿ, ಕರೆಯುವ ಹಸು ಒಂದು.

ಆರು ವರ್ಷದ ಮೇಲೆ ಅಮಲ್ದಾರರ ಲಕೋಟೆ:
ಪ್ರಜಾಪ್ರತಿನಿಧಿ ಸಭೆ, ದಸರೆಗೆ, ಮೈಸೂರಿಗೆ.
ಜರಿ ಪೇಟ ಕೊಂಡರು.
"ಅಲ್ಲಿ ಎದುರು ವಕೀಲ ಯಾರು?" ಜಿನ್ನಮ್ಮನವರು ಕೇಳಿದರು.
"ಯಾರೂ ಇಲ್ಲ."
"ಗೆದ್ದದ್ದು ಮತ್ತೆ ಹೇಗೆ ಗೊತ್ತಾಗುತ್ತೆ?"

ಗಾಡಿ ಕಟ್ಟುವ ಹಿಂದಿನ ಸಂಜೆ
ಜಗಲಿಯ ಕೆಳಗೆ ಆರು ಜನ.
ಮುಂದೆ ನಿಂತವಳು ಆ ಕುರುಡನ ಮಗಳು, ಕೆಂಚಿ.
"ನಿಮ್ಮ ಬಾಯಲ್ಲಿ ಹೋದ ನೀರು,
ನಿಮ್ಮ ಬಾಯಲ್ಲೇ ಬರ್ಲಿ ಸ್ವಾಮಿ."
ಅವರು ಏನೂ ಅನ್ನಲಿಲ್ಲ.
ಹಸು ಹಿತ್ತಿಲಲ್ಲಿ ಮೆಲುಕು ಹಾಕುತ್ತಿತ್ತು.
ಎಷ್ಟೋ ಹೊತ್ತಿಗೆ, "ಸಂಪಂಗಯ್ಯ, ಬರಕೋ."

ಚನ್ನರಾಯಪಟ್ಟಣ ದಾಟಿ ಬೆಳಕು ಹರಿಯುವಾಗ
ದೂರದ ಬೆಟ್ಟದ ನೆತ್ತಿಯಲ್ಲಿ ಗೊಮ್ಮಟ, ಕಡಲೆಯಷ್ಟು.
ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು.
ಮತ್ತೆ ಇಟ್ಟದ್ದು ಶ್ರೀರಂಗಪಟ್ಟಣದ ಸೇತುವೆಯ ಮೇಲೆ.

ಸಭೆಯಲ್ಲಿ ಗುಮಾಸ್ತೆಗೆ ಜಾಗವಿಲ್ಲ.
ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ.
ನನ್ನ ಅಕ್ಷರ ಅವರ ದನಿಯಲ್ಲಿ ಒಮ್ಮೆ ತಡವರಿಸಿತು,
"ಬಿರಡೆ" ಎಂಬಲ್ಲಿ.
ಮೇಲಿನ ಕುರ್ಚಿಯಿಂದ ಪ್ರಶ್ನೆ:
"ಈ ಹಕ್ಕಿಗೆ ದಾಖಲೆ ಉಂಟೆ?"
ನಾನು ಕಣ್ಣು ಮುಚ್ಚಿಕೊಂಡೆ.
"ನೆನಪುಂಟು," ಎಂದರು.
ಯಾರೋ ನಕ್ಕರು. ಇನ್ನೊಂದು ಸಂಖ್ಯೆ ಕೂಗಿದರು.

ಪರಿಶೀಲಿಸಲಾಗುವುದು.
ಐದು ದಸರೆ ಅದೇ ಅರ್ಜಿ, ಅದೇ ಕೈ, ಅದೇ ಉತ್ತರ.
ಎರಡನೆಯ ವರ್ಷ ಹಸುವನ್ನು ಸೀಗೆಕೊಪ್ಪಲಿಗೆ ಹೊಡೆಸಿದರು.
ಕೆಂಚಿ ತಾನೇ ವಾಪಸು ಹೊಡೆದುಕೊಂಡು ಬಂದಳು,
ಹತ್ತು ಮೈಲಿ, ಬಿಸಿಲಲ್ಲಿ.
"ನಾವು ಕೇಳಿದ್ದು ನೀರು," ಎಂದಳು,
ಗೂಟಕ್ಕೆ ಕಟ್ಟಿದಳು,
ಮಜ್ಜಿಗೆ ಕೊಟ್ಟರೂ ಕುಡಿಯದೆ ಹೋದಳು.

ಆರನೆಯ ದಸರೆಗೆ ಅವರಿಲ್ಲ.
ಪೇಟವನ್ನು ಅಳಿಯ ಒಯ್ದ.
ನನ್ನ ಪೆಟ್ಟಿಗೆಯ ತಳದಲ್ಲಿ ವಾದದ ನಕಲು,
ಅದರ ಮೇಲೆ ಅರ್ಜಿಯ ನಕಲು;
ಎರಡರಲ್ಲೂ ನನ್ನ ಅದೇ ಓರೆ ಅಕ್ಷರ.
ನಿನ್ನೆ ತೆರೆದು ನೋಡಿದೆ.
ಇಲಿ ಬಂದು ಹೋಗಿದೆ, ಹಿಕ್ಕೆ ಬಿದ್ದಿದೆ.
ತಿಂದಿಲ್ಲ ಇನ್ನೂ.