ತಲಿ ಲೆಕ್ಕ

ಶಿವರಾತ್ರಿ ಮುಗಿದ ಮೊದಲ ಮಂಗಳವಾರ
ನಮ್ಮ ಮಂದಿ ಎಲ್ಲಾ ಕೃಷ್ಣಾ ಹೊಳಿ ದಂಡಿಗೆ ಬರ್ತಾರ.
ಮಾನ್ವಿಯಿಂದ, ಸಿರವಾರದಿಂದ, ಆಚೆ ಗದ್ವಾಲದಿಂದ,
ಶಕ್ತಿನಗರದ ಬೂದಿ ಇನ್ನೂ ಕೊರಳಪಟ್ಟಿಯೊಳಗ ಇಟಗೊಂಡು
ಮಾರೆಪ್ಪ ಕಾಕಾನ ಮಕ್ಕಳು.
ಗಡ್ಡಿಯೊಳಗ ಈಗ ಮನಿ ಇಲ್ಲ.
ಒಂದು ಬೇವಿನ ಗಿಡ, ಏಳು ಸಮಾಧಿ,
ಯಾರೂ ಹೊತ್ತು ತರಲಾರದ ಒಂದು ಒಳ್ಳು.
ಅಷ್ಟಕ್ಕ ಇಷ್ಟು ಮಂದಿ.

ಹುಸೇನಪ್ಪನ ಪುಟ್ಟಿಗೆ ಸರ್ತಿಗೆ ಹತ್ತು ತಲಿ.
ಕೂಸು ಅರ್ಧ, ಕುರಿ ಒಂದು,
ಭೀಮಕ್ಕ ದೊಡ್ಡವ್ವ ಒಂದೂವರಿ
(ಅಕಿಗೆ ಕೇಳದಂಗ ಎಣಸಬೇಕು).
ಎಣಿಸೋ ಕೆಲಸ ನಂದು.

ಜಂಬಲಮ್ಮತ್ತಿ ಮಾತ್ರ ಲೆಕ್ಕಕ್ಕ ಬರ್ತಿದ್ದಿಲ್ಲ.
ನಸುಕಿನ್ಯಾಗ ಎದ್ದು ಎಪ್ಪತ್ತು ಸಜ್ಜಿ ರೊಟ್ಟಿ ಬಡಿದು
ದಂಡಿತನಕ ತಲಿ ಮ್ಯಾಲ ಹೊತ್ತು ತಂದು
ಪುಟ್ಟಿಯೊಳಗ ಬುಟ್ಟಿ ಇಡಾಕಿ,
ತಾ ಕುಂಡ್ರುತಿದ್ದಿಲ್ಲ.
ಸಂಜಿತನಕ ಬಂಡಿಗಲ್ಲಿನ ಮ್ಯಾಲ ಕುಂತು
ಆಚೆ ನಮ್ಮ ಒಲಿ ಹೊಗಿ ನೋಡತಿದ್ದಳು.
ಖಾಲಿ ಬುಟ್ಟಿ ತಿರುಗಿ ಬಂದಾಗ ಒಂದೇ ಮಾತು:
"ಉಪ್ಪು ಸರಿ ಇತ್ತೇನು?"

ಹತ್ತೊಂಬತ್ತು ವರ್ಷದ ಹಿಂದ
ಪುಟ್ಟಿ ನಡುಹೊಳಿಗೆ ಬಂದಾಗ
ನಮ್ಮಪ್ಪ ಉರುಕುಂದಪ್ಪ ಅಂಗಿಯೊಳಗಿಂದ ಕಾಗದ ತಗದಿದ್ದ.
ಅಕಿ ಪಾಲಿನ ಎರಡು ಎಕರೆ ಮೆಕ್ಕಲ ಹೊಲ.
ದಂಡಿ ಮ್ಯಾಲ ಕೇಳಿದ್ರ ಎದ್ದು ಹೋಗಬಹುದಿತ್ತು,
ನಡು ನೀರಾಗ ಹೆಣ್ಮಗಳು ಎತ್ತ ಎದ್ದು ಹೋಗ್ಯಾಳು?
ಹೆಬ್ಬಟ್ಟು ಒತ್ತಿ ಬೆರಳು ಹೊಳ್ಯಾಗ ಅದ್ದಿದಳು,
ತಿಕ್ಕಿದಳು, ತಿಕ್ಕಿದಳು.
"ಇನ್ನೊಮ್ಮೆ ಪುಟ್ಟಿ ಹತ್ತಿದ್ರ ನಾ ನಮ್ಮಪ್ಪಗ ಹುಟ್ಟಿದಾಕಿ ಅಲ್ಲ."
ಮಸಿ ಡಬ್ಬಿ ಹಿಡಿದಾಕಿ ನಾನು.
ಒಂಬತ್ತು ವರ್ಷದಾಕಿ.
ಮುಚ್ಚಳದ ಮ್ಯಾಲ ಆನಿ ಚಿತ್ರ ಇತ್ತು,
ಅದಕ್ಕ ಕಸಗೊಂಡು ಹಿಡಿದಿದ್ದೆ.

ಈ ವರ್ಷ ಹೊಳಿ ಬತ್ತಿ ಎಲುವು ಬಿಟ್ಟಿತ್ತು.
ಹುಸೇನಪ್ಪ ಪುಟ್ಟಿ ಬೋರಲು ಹಾಕಿ
ಅದರ ನೆರಳಾಗ ಮಲಗಿದ್ದ.
ಬಂಡಿಯಿಂದ ಬಂಡಿಗೆ ಜಿಗಿತಾ, ಮೊಣಕಾಲು ನೀರಾಗ
ಹುಡುಗರು ಕುರಿ ಎಳಕೊಂಡು ಹೊಂಟಿದ್ವು.
ಹಿಂದ ನೋಡ್ತೀನಿ:
ಸೀರಿ ಎತ್ತಿ ಕಟ್ಟಿ, ಬುಟ್ಟಿ ಮ್ಯಾಲ ಚಪ್ಪಲಿ ಇಟಗೊಂಡು
ಜಂಬಲಮ್ಮತ್ತಿ.
"ಪುಟ್ಟಿ ಹತ್ತಂಗಿಲ್ಲ ಅಂದಿದ್ದೆ,
ಹೊಳಿ ದಾಟಂಗಿಲ್ಲ ಅಂದಿದ್ದಿಲ್ಲ.
ಏನ್ ಬಾಯಿ ತೆರಕೊಂಡು ನೋಡ್ತೀ, ಎಣಿಸು."
ಎಣಿಸಿದೆ. ನಲವತ್ತೊಂದು.

ಅಲ್ಲಿ ಯಾರೂ ಏನೂ ಕೇಳಲಿಲ್ಲ.
ಒಳ್ಳಿನ್ಯಾಗಿನ ತರಗು ತಗದು, ಸೆರಗಿಲೆ ಒರಸಿ
ಹಸಿ ಖಾರ ಕುಟ್ಟಾಕ ಕುಂತಳು.
ಅಪ್ಪನ ತಾಟಿಗೂ ರೊಟ್ಟಿ ಹಾಕಿದಳು,
ಎರಡು, ಎಲ್ಲರಂಗ.
ಅಪ್ಪ ಬಗ್ಗಿಸಿದ ತಲಿ ಎತ್ತಲಿಲ್ಲ,
ಮೂರನೇದು ಬೇಡಲಿಲ್ಲ.

ಹೊತ್ತು ಮುಳುಗೋ ಮುಂದ ಫೋನ್ ಬಂತು:
ಕರೆಂಟಿನ ಫ್ಯಾಕ್ಟರಿಗೆ ಮ್ಯಾಲಿನ ಡ್ಯಾಮಿನವರು ನೀರು ಬಿಟ್ಟಾರಂತ.
ಫೋನಿಗಿಂತ ಮೊದಲು ನೀರೇ ಬಂದಿತ್ತು.
ನಾವು ಕಾಲಿಟ್ಟ ಬಂಡಿ ಒಂದೊಂದೇ ಮುಳುಗಿ
ಸದ್ದು ಬ್ಯಾರೆ ಆತು ಹೊಳಿದು.
ನಲವತ್ತೊಂದು ಮಂದಿ, ಎಂಟು ಚಾದರ.
ಅಷ್ಟು ವರ್ಷದಾಗ ಗಡ್ಡಿಯೊಳಗ ಯಾರೂ ರಾತ್ರಿ ಉಳಿದಿದ್ದಿಲ್ಲ.
ಕೂಸುಗಳು ಸಮಾಧಿಗೆ ಬೆನ್ನು ಹಚ್ಚಿ ಮಲಗಿದ್ವು,
ಶಕ್ತಿನಗರದ ಚಿಮಣಿಯ ಕೆಂಪು ದೀಪ
ದೂರದಾಗ ಕಣ್ಣು ಹೊಡೀತಿತ್ತು.
ಕತ್ತಲದಾಗ ಅತ್ತಿ ನನ್ನ ಕೈ ಹಿಡಿದಳು.
ಡಬ್ಬಿ ಮಾತು ತೆಗೀಬೇಕಂದೆ,
ಗೊರಕಿ ಹೊಡೀತಿದ್ದಳು.

ಬೆಳಿಗ್ಗೆ ಹುಸೇನಪ್ಪ ಪುಟ್ಟಿ ತಂದ.
"ನೀರು ಇಳಿಯೋತನ ಇರ್ತೀನಿ," ಅಂದಳು ಅತ್ತಿ.
"ಎಂಟು ದಿನ ಆದೀತು, ಅಮ್ಮಾ."
"ಆಗಲಿ."
ಕೊನಿ ಸರ್ತಿಗೆ ಎಣಿಸಿದೆ, ಮತ್ತೊಮ್ಮೆ ಎಣಿಸಿದೆ.
ಎರಡು ತಲಿ ಕಡಿಮಿ.
ಬೇವಿನ ಬುಡಕ್ಕ ಅಪ್ಪ ಆ ಕಡಿ ಮಾರಿ,
ಅಕಿ ಈ ಕಡಿ ಮಾರಿ,
ನಡುವ ರೊಟ್ಟಿ ಬುಟ್ಟಿ.

ಪುಟ್ಟಿ ತಿರುಗ್ತಾ ನಡುಹೊಳಿಗೆ ಬಂದಿತ್ತು.
ಹಿಂದಿನಿಂದ ಕೂಗು ಕೇಳಿತು:
"ಉಪ್ಪು ಕಳಸ್ರಿ!"
ಕೂಗಿದ್ದು ಅವನೋ ಅಕಿಯೋ
ಗಾಳಿಯೊಳಗ ತಿಳೀಲಿಲ್ಲ.