ಹಳೆ ನಂಬರು, ಹೊಸ ನಂಬರು

ಈರನಗೆರೆಯ ನಮ್ಮ ಮನೆಗೆ ಎರಡು ನಂಬರು.
ಬಾಗಿಲ ಮೇಲೆ ಪಾಲಿಕೆಯವರು ಮೊಳೆ ಹೊಡೆದ ನೀಲಿ ತಗಡು,
ಅದರಡಿ ಸುಣ್ಣದೊಳಗಿಂದ ಇನ್ನೂ ಇಣುಕುವ
ಹಳೆಯ ಸಾವಿರದ ಇನ್ನೂರ ಆರು.
ಯಾವುದಕ್ಕೆ ಬರೆದರೂ ಕಾಗದ ಬರುತ್ತಿತ್ತು,
ಪೋಸ್ಟಿನ ಜವರನಾಯ್ಕರು ಇರುವ ತನಕ.

ಪೆಟ್ಟಿಗೆಗೆ ಅಷ್ಟು ದಾಕ್ಷಿಣ್ಯವಿಲ್ಲ.

ಮುಚ್ಚಿಹೋದ ಸಹಕಾರ ಸಂಘದ ಹರಾಜಿನಲ್ಲಿ
ಒಂಬೈನೂರಕ್ಕೆ ತಂದ ಫೈರ್‌ವಾಲು.
ಇಟ್ಟಿಗೆಯ ಗಾತ್ರ, ಗೊರಕೆ ಹೊಡೆಯುವ ಫ್ಯಾನು, ಹಿಂದೆ ನಾಲ್ಕು ತೂತು.
ಸಂತೇಪೇಟೆಯ ಹನ್ನೊಂದು ಅಂಗಡಿಗಳ ಲೆಕ್ಕ ನನ್ನಲ್ಲಿದೆ,
ಯಾರು ಎಷ್ಟು ಬೆಲ್ಲ ಮಾರಿದರು, ಯಾರು ಎಷ್ಟು ಮುಚ್ಚಿಟ್ಟರು.
ಕಾವಲಿಗೆ ಒಬ್ಬರು ಬೇಡವೇ?

ಇವತ್ತು ಹತ್ತೊಂಬತ್ತು. ನಾಳೆ ರಿಟರ್ನ್ಸಿನ ಕೊನೆ ದಿನ.
ಇವತ್ತೇ ಇಲಿಯಾಸರ ಕೇಬಲ್ಲು ಬಿಡಿಸಿ ಫೈಬರು ಹಾಕಿಸಿದೆ, ನನ್ನ ಬುದ್ಧಿಗಿಷ್ಟು.
ಕೆಂಡಗಣ್ಣ ಅನ್ನುವ ಹುಡುಗ ಏಣಿ ಇಳಿದು
ಮೇಜಿನ ಮೇಲಿದ್ದ ಕರೆಂಟು ಬಿಲ್ಲಿನ ಬೆನ್ನಲ್ಲಿ
ಯೂಸರ್ ನೇಮು, ಪಾಸ್‌ವರ್ಡು ಗೀಚಿದ.
“ಇನ್ಮೇಲೆ ಹೆಸ್ರು ಹೇಳ್ಬುಟ್ಟೇ ಹೋಗ್ಬೇಕು ಕಣಕ್ಕ,
ಮೊದ್ಲಂಗೆ ಸುಮ್ನೆ ನುಗ್ಗಂಗಿಲ್ಲ.”

ಒಂಬತ್ತಕ್ಕೆ ಕೂತೆ.
ಸೊನ್ನೆಯೋ, ಓ ಅಕ್ಷರವೋ ತಿಳಿಯಲು ಅರ್ಧ ಗಂಟೆ.
ದೀಪ ಹಸಿರಾಯಿತು.
ಪೆಟ್ಟಿಗೆಯೊಳಗಿಂದ ಕೂಗಿದರೆ ಲೋಕ ಓಗೊಡುತ್ತದೆ,
ಹದಿನಾಲ್ಕು ಮಿಲಿಸೆಕೆಂಡಿಗೆ, ಪಕ್ಕದ ಬೀದಿಯವರ ಹಾಗೆ.
ಮನೆಯ ಲ್ಯಾಪ್‌ಟಾಪು ಕೂಗಿದರೆ
ಹೊಸ್ತಿಲ ತನಕ ಹೋದ ದನಿ ಅಲ್ಲೇ ಬಿದ್ದುಹೋಗುತ್ತದೆ.

ವೈರು ಕಿತ್ತೆ, ಒರೆಸಿದೆ, ಸಿಕ್ಕಿಸಿದೆ.
ಆಫ್ ಮಾಡಿ ಮೂವತ್ತು ಎಣಿಸಿದೆ. ಆಮೇಲೆ ಅರವತ್ತು.
ಕಂಪನಿಗೆ ಫೋನು ಹಚ್ಚಿದರೆ ಕನ್ನಡಕ್ಕಾಗಿ ಒಂದನ್ನು ಒತ್ತಿ ಅಂದಳು;
ಒತ್ತಿದರೆ ಬರೀ ವೀಣೆ.

ಹನ್ನೆರಡೂವರೆಗೆ ಹೊಳೆಯಿತು.
ನಿಯಮ ಬರೆದವಳು ನಾನೇ, ಮೂರು ವರ್ಷದ ಹಿಂದೆ:
ಹೊರಹೋಗುವವರೆಲ್ಲ ಇಲಿಯಾಸರ ಬಾಗಿಲಿಂದಲೇ ಹೋಗತಕ್ಕದ್ದು.
ಆ ಬಾಗಿಲು ಬೆಳಿಗ್ಗೆಯೇ ಸುರುಳಿ ಸುತ್ತಿಕೊಂಡು
ಸ್ಕೂಟರಿನಲ್ಲಿ ಹೊರಟುಹೋಗಿದೆ.
ಪೆಟ್ಟಿಗೆ ಮಾತ್ರ ಒಂದೊಂದು ಕಾಗದಕ್ಕೂ ಹಳೆ ನಂಬರು ಹಾಕಿ
ಇಲ್ಲದ ಬಾಗಿಲಿಗೆ ಕೊಟ್ಟು ಕೈಮುಗಿಯುತ್ತಿದೆ.
ಕೆಟ್ಟಿಲ್ಲ ಅದು. ಹೇಳಿದ ಮಾತಿಗೆ ನಿಂತಿದೆ.

ಒಂದೊಂದೇ ಸಾಲು ತೆರೆದು, ಹಳೆಯದನ್ನು ಹೊಡೆದು, ಹೊಸದು ಬರೆಯುತ್ತ ಬಂದೆ.
ಏಳನೆಯದು:
ಸಿದ್ದಪ್ಪಾಜಿಯ ಫೋನು. ಯಾವಾಗಲೂ. ಎಲ್ಲಿಗೂ. ಬಿಡಬೇಡ.

ಕೆಳಗಿನ ಮನೆಯ ನನ್ನ ತಮ್ಮ.
ನೀರೆತ್ತುವ ಮೋಟರಿನ ಬಿಲ್ಲು, ಇನ್ನೂರ ನಲವತ್ತು ರೂಪಾಯಿ,
ಯಾರ ಪಾಲಿನದೆಂದು ಮೆಟ್ಟಿಲ ಮೇಲೆ ನಿಂತು
ಆಡಬಾರದ್ದು ಆಡಿಕೊಂಡ ದಿನ
ಮೇಲೆ ಬಂದು, ಕೈ ನಡುಗುತ್ತಾ ಬರೆದದ್ದು.
ಬಿಲ್ಲು ಅವನೇ ಕಟ್ಟಿದ. ಇದನ್ನು ಕೇಳಲಿಲ್ಲ.
ಅವನು ಕೇಳಲಿ ಅಂತ ನಾನು, ನಾನೇ ತೆಗೆಯಲಿ ಅಂತ ಅವನು,
ಹೀಗೆಂದು ಬರೆದರೆ ಚೆನ್ನಾಗಿರುತ್ತದೆ.
ನಿಜವೆಂದರೆ ನನಗೆ ಮರೆತೇ ಹೋಗಿತ್ತು.
ಪೆಟ್ಟಿಗೆಗೆ ಮರೆವಿಲ್ಲ. ದಫ್ತರು ತೆರೆದರೆ
ತಡೆದದ್ದು ನಾಲ್ಕು ಸಾವಿರದ ಹದಿನೆಂಟು ಸಲ.
ಕೊನೆಯದು ಹೋದ ಭಾನುವಾರ.

ಅದನ್ನು ಹಾಗೇ ಬಿಟ್ಟು ಮಿಕ್ಕದ್ದು ಉಳಿಸಿದೆ. ಲೋಕ ಬಂತು.
ಚಿಕ್ಕ ಪುಟಗಳು ಬಂದವು; ತೆರಿಗೆಯವರ ಪುಟ
ಬಾಗಿಲಲ್ಲಿ ಸಿಕ್ಕಿಕೊಂಡ ಬೀರುವಿನಂತೆ ಅರ್ಧಕ್ಕೆ ನಿಂತಿತು.
ಸಾವಿರದ ಐನೂರು ಹಿಡಿಸದಂತೆ. ಎಂಟು ಇಳಿಸಬೇಕಂತೆ.
ಹೆಸರು ಹೇಳಿ ಹೋಗುವವರು ಆ ಎಂಟನ್ನು ಹೆಸರಿಗೇ ತೆರಬೇಕು.
ಇಳಿಸಿದೆ. ಬೀರು ಒಳಬಂತು.

ಹನ್ನೊಂದೂ ಅಂಗಡಿ ಮುಗಿಯುವಾಗ ನಾಲ್ಕೂಮುಕ್ಕಾಲು.
ಮತ್ತೆ ಏಳನೆಯ ಸಾಲಿಗೆ ಹೋದೆ.
ಅಳಿಸಲಿಲ್ಲ. ಟಿಕ್ಕು ಮಾತ್ರ ತೆಗೆದೆ.

ಕೆಳಗೆ ಮೋಟರು ಶುರುವಾಯಿತು.
ಪಾಸ್‌ವರ್ಡಿನ ಕಾಗದ ಎತ್ತಿಡಲು ಹೋಗಿ ಮಗುಚಿದೆ:
ಮೋಟರಿನ ಮೀಟರಿನದು.
ಇನ್ನೂರ ಎಂಬತ್ತೆರಡು. ಹಳೆ ನಂಬರಿಗೆ ಬಂದಿದೆ.