ಮೂವತ್ತು ಸಾವಿರದ ಮೂವತ್ತೊಂದು

ಬೋಳಾರದ ಹೆಂಚಿನ ಕಾರ್ಖಾನೆಯಲ್ಲಿ
ಎಣಿಕೆ ಒಂದರಿಂದ ಶುರುವಾಗುತ್ತಿರಲಿಲ್ಲ.
ಲಾಭ, ಎರಡು, ಮೂರು...
ಮೊದಲ ಹೆಂಚಿಗೆ ಒಂದು ಅನ್ನಬಾರದು, ಒಂಟಿಯಾದೀತು
ಅಂತ ಅತ್ತೆ ದೇಯಕ್ಕ ಹೇಳಿಕೊಟ್ಟದ್ದು.

ಆ ದಿನ ಮಂಜಿಗೆ ತುಂಬಬೇಕಾದದ್ದು ಮೂವತ್ತು ಸಾವಿರದ ಮೂವತ್ತು.
ರೈಟರ್ ಸೋನ್ಸರು ಪೆನ್ಸಿಲ್ಲು ನಾಲಿಗೆಗೆ ತಾಗಿಸಿ ನಕ್ಕರು:
"ಧಾರಾಳಿ ಸಂಖ್ಯೆ ಮಾರಾಯ್ತಿ ಇದು.
ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು,
ಆರನ್ನೂ ಗುಣಿಸಿ ನೋಡು, ಸರಿಯಾಗಿ ಇಷ್ಟೇ.
ಯಾರು ಕೈಯೊಡ್ಡಿದರೂ ಸಮಪಾಲು."
"ನಾಲ್ಕು ಸಾಲು ಮಾಡಿದರೆ?"
"ಎರಡು ಮಿಗುತ್ತದೆ. ಒಬ್ಬರಿಗೆ ಒಂದೇ ಸಲ, ಸುಗಂಧಿ.
ಎರಡು ಮತ್ತೆ ಬಂದು ನಿಂತರೆ ಬರಿಗೈ."

ಹೊತ್ತೆವು, ಎಣಿಸಿದೆವು, ಮಂಜಿ ಅರ್ಧ ನೀರಿಗಿಳಿಯಿತು.
ನೋಡಿದರೆ ದಕ್ಕೆಯ ಕಲ್ಲಿನ ಮೇಲೆ
ಒಂದು ಹೆಂಚು, ಜಾಸ್ತಿ.

ಸೋನ್ಸರ ನಗು ನಿಂತಿತು. "ಈಗ ನೋಡು ಕತೆ.
ಎರಡೆರಡಾಗಿ ಜೋಡಿಸು, ಒಂದು ಉಳಿಯಿತು.
ಮೂರು ಮೂರಾಗಿ, ಒಂದು.
ಐದಕ್ಕೂ ಏಳಕ್ಕೂ ಹನ್ನೊಂದಕ್ಕೂ ಹದಿಮೂರಕ್ಕೂ
ಅದೇ ಒಂದು.
ಇದನ್ನು ಯಾರೂ ಪಾಲು ಮಾಡಲಾರರು. ಅವಿಭಾಜ್ಯ."
ಆ ಶಬ್ದವನ್ನು ಆಮೆನ್ ಹಾಗೆ ಹೇಳಿ ಪುಸ್ತಕ ಮುಚ್ಚಿದರು.

ನನಗೆ ನಿದ್ದೆ ಬರಲಿಲ್ಲ.
ಹೆಂಚನ್ನು ಮನೆಗೆ ತಂದಿದ್ದೆ, ಕದ್ದೆ ಅಂತಲೇ ಅನ್ನಿ.
ಮಿಶನ್ ಶಾಲೆಯ ಐದನೇ ಕ್ಲಾಸಿನ ಭಾಗಾಕಾರ
ಅದರ ಬೆನ್ನ ಮೇಲೆ, ಇದ್ದಿಲಿನಲ್ಲಿ.
ಹದಿನೇಳಕ್ಕೆ ಒಂಬತ್ತು ಮಿಕ್ಕಿತು.
ಹತ್ತೊಂಬತ್ತಕ್ಕೆ ಹನ್ನೊಂದು.
ಬರೆದು, ಅಳಿಸಿ, ಬರೆದು,
ಸೆರಗೆಲ್ಲ ಮಸಿ.
ನಲವತ್ತೇಳಕ್ಕೆ ಇನ್ನೆರಡು ಹೆಂಚಿದ್ದರೆ ಆಗುತ್ತಿತ್ತು,
ಎರಡೇ ಎರಡು! ಹೊಟ್ಟೆ ಉರಿಯಿತು.
ಹೊರಗೆ ನೇತ್ರಾವತಿ ಇಳಿತಕ್ಕೆ ತಿರುಗಿ
ಕೆಸರಿನ ವಾಸನೆ ಬಂತು.
ಕೋಳಿ ಕೂಗುವ ಮೊದಲು
ಐವತ್ತೊಂಬತ್ತು.
ಐವತ್ತೊಂಬತ್ತು ಸಾಲು, ಸಾಲಿಗೆ ಐನೂರ ಒಂಬತ್ತು.
ಶೇಷ ಇಲ್ಲ.
ಮೂರು ಸಲ ನೋಡಿದೆ, ಇಲ್ಲ.

ಬೆಳಿಗ್ಗೆ ಹೆಂಚನ್ನು ಅವರ ಮೇಜಿನ ಮೇಲಿಟ್ಟೆ,
ಕಳವು ಒಪ್ಪಿಕೊಂಡ ಹಾಗೂ ಆಯಿತು.
ಕನ್ನಡಕ ಒರೆಸಿ ತುಂಬ ಹೊತ್ತು ಓದಿದರು.
"ನಾನು ಹೇಳಿದ್ದು ಪೂರ್ತಿ ತಪ್ಪಲ್ಲ," ಅಂದರು ಮೆಲ್ಲಗೆ,
"ನನ್ನ ಪಟ್ಟಿಯ ಆರು ಜನರಿಂದ ಆಗಲಿಲ್ಲ ನೋಡು.
ಪಟ್ಟಿ ಎಷ್ಟೇ ಉದ್ದ ಇರಲಿ,
ಎಲ್ಲವನ್ನೂ ಗುಣಿಸಿ ಒಂದು ಸೇರಿಸಿದೆಯೋ,
ಪಾಲು ಮಾಡುವವರು ಹೊರಗಿನಿಂದಲೇ ಬರಬೇಕು.
ಪಟ್ಟಿಯ ಹೊರಗೆ ಯಾವಾಗಲೂ
ಯಾರೋ ಇದ್ದೇ ಇರುತ್ತಾರೆ."

ಅವರ ಮೊಣಕೈ ಕೆಳಗೆ ಮಸ್ಟರ್ ಪುಸ್ತಕ ತೆರೆದಿತ್ತು.
ನೂರ ಹನ್ನೆರಡು ಹೆಸರು.
ನಾನು ಬದಲಿಯವಳು,
ಯಾರಾದರೂ ಬಾರದ ದಿನ ಮಾತ್ರ ಕೂಲಿ,
ಒಂಬತ್ತು ವರ್ಷದಿಂದ.
ಅವರೂ ಅದನ್ನು ನೋಡಿದರು, ನಾನೂ.
ಸೈರನ್ ಕೂಗಿತು.

ಪೌಲಿನಾಗೆ ಜ್ವರವಂತೆ, ಅವತ್ತು ನನಗೆ ಕೆಲಸ.
ಒಲೆಯಿಂದ ಬಿಸಿಬಿಸಿ ಹೆಂಚು ಕೈಗೆ ಬಂತು.
ಶುರು ಮಾಡಿದೆ:
ಲಾಭ.